ನಾಲ್ಕು ಜನ ಸೇರಿ 100 ಕಿಲೋಮೀಟರ್ ನಡಿಯೋಕೆ ಹೊರಟಾಗ

ಪ್ರಶ್ನೆ: ಆಫೀಸಿನ ನಾಲ್ಕು ಜನ ಸೇರ್ಕೊಂಡು ಒಂದು ಚಾರಿಟಿ ವಾಕ್‌ಗೆ ಹೆಸರು ಕೊಟ್ಟಿದೀವಿ, 100 ಕಿಲೋಮೀಟರ್, 48 ಗಂಟೆ ಟೈಮು, ಇನ್ನೂ ಐದು ತಿಂಗಳಿದೆ. ನಮ್ಮಲ್ಲಿ ಇಬ್ರು ದಿನಾ ಓಡೋರು, ನಾನು ಪರವಾಗಿಲ್ಲ, ಇನ್ನೊಬ್ರಿಗೆ ನಡೆದು ಅಭ್ಯಾಸಾನೇ ಇಲ್ಲ. ಭಾನುವಾರ ಪ್ರಾಕ್ಟೀಸ್‌ಗೆ ಹೋದ್ರೆ ಓಡೋರಿಬ್ರೂ ಮುಂದೆ ಹೋಗಿ ಕೂತಿರ್ತಾರೆ, ನಾವು ಹೋಗಿ ಸೇರ್ತಿದ್ದಂಗೆ ಎದ್ದು ಹೊರಟೇಬಿಡ್ತಾರೆ. ಹಿಂದೆ ಬರೋರು ಈಗ "ನಾನು ಬಿಟ್ಬಿಡ್ತೀನಿ, ನಿಮಗೆಲ್ಲ ಭಾರ ಆಗ್ತಿದೀನಿ" ಅಂತಿದಾರೆ. ಏನ್ ಮಾಡ್ಲಿ?

ಉತ್ತರ: ಮುಂದಿನ ಭಾನುವಾರದಿಂದ ಅವರನ್ನೇ ಎಲ್ಲರಿಗಿಂತ ಮುಂದೆ ನಡಿಯೋಕೆ ಬಿಡಿ, ಓಡೋರಿಬ್ರೂ ಹಿಂದೆ ಇರ್ಲಿ. ಈಗ ನಿಮ್ಮಲ್ಲಿ ಆಗ್ತಿರೋದು ನೋಡಿ, ಗಟ್ಟಿ ಇರೋರಿಗೆ ಹತ್ತು ಹತ್ತು ನಿಮಿಷ ರೆಸ್ಟ್ ಸಿಗ್ತಿದೆ, ರೆಸ್ಟ್ ಬೇಕಾದವರಿಗೆ ಒಂದು ನಿಮಿಷಾನೂ ಇಲ್ಲ, ಅದರ ಮೇಲೆ ಎಲ್ಲರನ್ನೂ ಕಾಯಿಸ್ತಿದೀನಿ ಅನ್ನೋ ಸಂಕಟ ಬೇರೆ. ಯಾರಾದ್ರೂ ಬಿಟ್ಬಿಡ್ತೀನಿ ಅಂತಾನೇ ಅನ್ನೋದು.

ಈ ಥರದ ನಡಿಗೆಗಳಲ್ಲಿ ಹೆಸರುವಾಸಿಯಾದ ಆಕ್ಸ್‌ಫ್ಯಾಮ್ ಟ್ರೈಲ್‌ವಾಕರ್ ಶುರುವಾಗಿದ್ದು 1981ರಲ್ಲಿ, ಹಾಂಗ್‌ಕಾಂಗ್‌ನಲ್ಲಿದ್ದ ಗೂರ್ಖಾ ಸೈನಿಕರ ತರಬೇತಿಯಾಗಿ. ಸಾಮಾನ್ಯ ಜನಕ್ಕೆ ಅದು ತೆರೆದುಕೊಂಡಿದ್ದು ಆಮೇಲೆ, 1986ರಲ್ಲಿ. ನಾಲ್ಕು ಜನ ಹೊರಟು ನಾಲ್ಕು ಜನಾನೂ ಒಟ್ಟಿಗೆ ಮುಟ್ಬೇಕು ಅನ್ನೋದೇ ಅದರ ಜೀವಾಳ. ನಿಮ್ಮ ಓಡೋ ಗೆಳೆಯರಿಗೆ ಇದನ್ನ ಹೇಳಿ, ಜೊತೆಗೆ ಒಂದು ಲೆಕ್ಕಾನೂ ಹೇಳಿ. ಗಂಟೆಗೆ 5 ಕಿಲೋಮೀಟರ್ ನಡೆದ್ರೆ 20 ಗಂಟೆ, 4 ನಡೆದ್ರೆ 25 ಗಂಟೆ, ವ್ಯತ್ಯಾಸ ಐದೇ ಗಂಟೆ. ದಾರೀಲಿ ಒಂಬತ್ತು ಕಡೆ ನಿಂತು ಒಂದೊಂದು ಕಡೆ 40 ನಿಮಿಷ ಕೂತ್ರೆ ಆರು ಗಂಟೆ ಹೋಯ್ತು! ಅಂದ್ರೆ ನಿಧಾನ ನಡಿಯೋರಿಂದ ಹೋಗೋ ಟೈಮಿಗಿಂತ ಸುಮ್ನೆ ಕೂತು ಹೋಗೋದೇ ಜಾಸ್ತಿ, ಹಂಗಾಗಿ ವೇಗದ ಬಗ್ಗೆ ತಲೆ ಕೆಡಿಸ್ಕೊಳ್ಳೋ ಬದ್ಲು ನಿಂತ ಕಡೆ ಬೇಗ ಬೇಗ ನೀರು ತುಂಬ್ಕೊಂಡು, ಸಾಕ್ಸ್ ಬದಲಾಯಿಸ್ಕೊಂಡು, ತಿಂದು ಎದ್ದೇಳೋದನ್ನ ಪ್ರಾಕ್ಟೀಸ್ ಮಾಡಿ.

ಓಡೋರಿಗೆ ಇನ್ನೊಂದು ಮಾತು. ಎರಡು ಮೂರು ಗಂಟೆ ಓಡೋದು ಬೇರೆ, 25 ಗಂಟೆ ಕಾಲ ಮೇಲೇ ಇರೋದು ಬೇರೆ. ಅಂಗಾಲು, ಮೊಣಕಾಲಿನ ಕೆಳಗಿನ ಮುಂಭಾಗ, ಸೊಂಟ, ಬ್ಯಾಗ್ ಹೊತ್ತ ಭುಜ, ಇವೆಲ್ಲ ಅವರಿಗೂ ಹೊಸದೇ. ಇಳಿಜಾರಲ್ಲಿ ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾನೇ ಮೈಭಾರ ತಡೀಬೇಕಾಗತ್ತೆ, ಮರುದಿನ ಮೆಟ್ಟಿಲು ಇಳಿಯೋಕಾಗ್ದೆ ಒದ್ದಾಡೋದು ಇದಕ್ಕೇ, ಹತ್ತೋದರಷ್ಟೇ ಇಳಿಯೋದನ್ನೂ ಕಲೀಬೇಕು.

ಐದು ತಿಂಗಳು ಒಳ್ಳೇ ಟೈಮು. ವಾರಕ್ಕೊಂದು ಉದ್ದ ನಡಿಗೆ ಇಟ್ಕೊಳ್ಳಿ, 10-12 ಕಿಲೋಮೀಟರ್‌ನಿಂದ ಶುರು ಮಾಡಿ ವಾರ ವಾರ ಎರಡೋ ಮೂರೋ ಕಿಲೋಮೀಟರ್ ಸೇರಿಸ್ತಾ ಹೋಗಿ, ಪ್ರತಿ ನಾಲ್ಕನೇ ವಾರ ಕಡಿಮೆ ಮಾಡಿ. ಮೂರನೇ ತಿಂಗಳಿಂದ ಆಗಾಗ ಶನಿವಾರ 25, ಭಾನುವಾರ 20 ಹಂಗೆ ಬೆನ್ನುಬೆನ್ನಿಗೆ ನಡೀರಿ, ದಣಿದ ಕಾಲಲ್ಲೇ ಎದ್ದು ಹೊರಡೋದು ಹೆಂಗಿರತ್ತೆ ಅಂತ ಗೊತ್ತಾಗತ್ತೆ. ಪ್ರಾಕ್ಟೀಸಲ್ಲಿ 100 ಮುಟ್ಟೋದು ಬೇಡ, ಒಮ್ಮೆ 50-60 ಆದ್ರೆ ಸಾಕು, ಅದೂ ಕಾರ್ಯಕ್ರಮಕ್ಕೆ ಮೂರು ನಾಲ್ಕು ವಾರ ಮುಂಚೆ, ಆಮೇಲೆ ಇಳಿಸ್ತಾ ಬನ್ನಿ. ಒಂದು ರಾತ್ರಿ ನಡಿಗೆ ಮಾತ್ರ ನಾಲ್ಕೂ ಜನ ಸೇರಿ ಮಾಡ್ಲೇಬೇಕು. ಬೆಳಗಿನ ಜಾವ ಮೂರರಿಂದ ಐದರ ತನಕ ಮೈ ಬಿಸಿ ಇಳಿಯತ್ತೆ, ಚಳಿ ಹತ್ತತ್ತೆ, ಯಾರ್ ಮೇಲೂ ಕಾರಣ ಇಲ್ದೆ ಸಿಟ್ಟು ಬರತ್ತೆ. ಆ ಹೊತ್ತಲ್ಲಿ ಯಾರು ಮೌನ ಆಗ್ತಾರೆ, ಯಾರು ಸಿಡುಕ್ತಾರೆ, ಯಾರು ಊಟ ಬೇಡ ಅಂತಾರೆ ಅನ್ನೋದು ಮೊದ್ಲೇ ಗೊತ್ತಿದ್ರೆ ಅವತ್ತು ಒಬ್ಬರನ್ನೊಬ್ಬರು ತಪ್ಪು ತಿಳ್ಕೊಳ್ಳಲ್ಲ.

ಪ್ರಶ್ನೆ: 20 ಕಿಲೋಮೀಟರ್ ದಾಟಿದ್ರೆ ಸಾಕು ಕಾಲಲ್ಲಿ ಬೊಬ್ಬೆ ಏಳತ್ತೆ. ಶೂ ದುಬಾರೀದೇ ತಗೊಂಡಿದೀನಿ, ಆದ್ರೂ ಯಾಕೆ?

ಉತ್ತರ: ಬೆಲೆಗೂ ಬೊಬ್ಬೆಗೂ ಸಂಬಂಧ ಇಲ್ಲ. ಒಂದೇ ಜಾಗ ಮತ್ತೆ ಮತ್ತೆ ಉಜ್ಜಿದಾಗ ಮೇಲಿನ ಚರ್ಮ ಒಂದ್ ಕಡೆ, ಒಳಗಿನದು ಒಂದ್ ಕಡೆ ಎಳೆದು ಮಧ್ಯೆ ನೀರು ತುಂಬ್ಕೊಳ್ಳತ್ತೆ, ಬೆವರಲ್ಲಿ ನೆಂದ ಚರ್ಮಕ್ಕೆ ಇದು ಇನ್ನೂ ಬೇಗ ಆಗತ್ತೆ. ಗಂಟೆಗಟ್ಟಲೆ ನಡೆದ ಮೇಲೆ ಪಾದ ಊದ್ಕೊಳ್ಳೋದ್ರಿಂದ ಶೂ ಅರ್ಧ ಸೈಜ್ ದೊಡ್ಡದಿರ್ಲಿ, ಸಂಜೆ ಹೊತ್ತು ಹಾಕಿ ನೋಡಿ ತಗೊಳ್ಳಿ. ಹತ್ತಿ ಸಾಕ್ಸ್ ಒದ್ದೆನ ಹಿಡ್ಕೊಂಡುಬಿಡತ್ತೆ, ಅದು ಬೇಡ, ಉಣ್ಣೆ ಅಥವಾ ಸಿಂಥೆಟಿಕ್ ತಗೊಳ್ಳಿ, ತೆಳು ಸಾಕ್ಸ್ ಮೇಲೆ ದಪ್ಪದು ಹಾಕಿದ್ರೆ ಉಜ್ಜೋದು ಚರ್ಮಕ್ಕೆ ಬೀಳದೆ ಎರಡು ಸಾಕ್ಸ್ ಮಧ್ಯೆ ಆಗತ್ತೆ. ಉಗುರು ಮೂರ್ನಾಲ್ಕು ದಿನ ಮುಂಚೆ ಕತ್ತರಿಸ್ಕೊಳ್ಳಿ.

ಇಷ್ಟೆಲ್ಲ ಮಾಡಿದ್ರೂ ಎಲ್ಲೋ ಒಂದ್ ಕಡೆ ಬಿಸಿ ಬಿಸಿ ಅನ್ಸೋಕೆ ಶುರುವಾಗತ್ತೆ, ಆಗ್ಲೇ ನಿಂತು ಟೇಪ್ ಹಾಕ್ಬೇಕು. ನಮ್ಮ ಮೊದಲನೇ ನಡಿಗೇಲಿ ಜೊತೆಗಿದ್ದ ಗೆಳತಿಗೆ 30ನೇ ಕಿಲೋಮೀಟರಲ್ಲೇ ಹಿಮ್ಮಡಿ ಉರೀತಿತ್ತಂತೆ, ಎಲ್ಲರನ್ನೂ ನಿಲ್ಸೋದು ಬೇಡ ಅಂತ ಹೇಳ್ಲಿಲ್ಲ. 58ಕ್ಕೆ ಶೂ ಬಿಚ್ಚಿದಾಗ ಸಾಕ್ಸ್ ಜೊತೆ ಚರ್ಮಾನೇ ಕಿತ್ಕೊಂಡು ಬಂತು, ಅವಳ ನಡಿಗೆ ಅಲ್ಲಿಗೆ ಮುಗೀತು. ಐದು ನಿಮಿಷದಲ್ಲಿ ಮುಗಿಯೋ ಕೆಲಸ ಅದು. ಅವಳ ಮೇಲೆ ನನಗೆ ಸಿಟ್ಟಿಲ್ಲ, ಕೇಳೋಕೆ ಧೈರ್ಯ ಬರೋ ಥರ ನಾವು ಇರ್ಲಿಲ್ವಲ್ಲ ಅನ್ನೋದೇ ಇವತ್ತಿಗೂ ಕಾಡತ್ತೆ. ಆಮೇಲಿಂದ ನಮ್ಮ ಗುಂಪಲ್ಲಿ ಗಂಟೆಗೊಮ್ಮೆ ಒಬ್ರು ಕೇಳ್ತಾರೆ, "ಕಾಲು? ನೀರು? ಹೊಟ್ಟೆ?" ಅಂತ, ಎಲ್ರೂ ಮೂರಕ್ಕೂ ಬಾಯಿ ಬಿಟ್ಟು ಉತ್ತರ ಕೊಡ್ಬೇಕು, "ಹ್ಮ್" ಅಂದ್ರೆ ನಡೆಯಲ್ಲ.

ಪ್ರಶ್ನೆ: ನೀರು ಎಷ್ಟು ಕುಡೀಬೇಕು? ಜಾಸ್ತಿ ಕುಡಿದಷ್ಟೂ ಒಳ್ಳೇದಲ್ವಾ?

ಉತ್ತರ: ಅಲ್ಲ. ಬಾಯಾರಿದಾಗ ಕುಡೀರಿ, ಗಂಟೆಗಟ್ಟಲೆ ಬರೀ ನೀರೇ ಸುರ್ಕೊಂಡ್ರೆ ರಕ್ತದಲ್ಲಿ ಸೋಡಿಯಂ ತೀರಾ ಇಳಿದುಹೋಗತ್ತೆ, ಅದು ಪ್ರಾಣಕ್ಕೇ ಅಪಾಯ. ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗೋದು, ಮಾತು ತಡವರಿಸೋದು ಕಂಡ್ರೆ ಮತ್ತೆ ನೀರು ಕುಡಿಸ್ಬೇಡಿ, ಸೀದಾ ವೈದ್ಯಕೀಯ ಸಿಬ್ಬಂದಿ ಹತ್ರ ಕರ್ಕೊಂಡು ಹೋಗಿ. ದಾರಿಯುದ್ದಕ್ಕೂ ಉಪ್ಪಿನ ತಿಂಡಿನೂ ಸ್ವಲ್ಪ ಸ್ವಲ್ಪ ತಿಂತಿರಿ. ನೋವಿನ ಮಾತ್ರೆ, ಮುಖ್ಯವಾಗಿ ಐಬುಪ್ರೊಫೇನ್ ಥರದ್ದು, ನುಂಗ್ಕೊಂಡು ನಡಿಯೋ ಅಭ್ಯಾಸ ಬೇಡವೇ ಬೇಡ, ಮೈಯಲ್ಲಿ ನೀರು ಕಡಿಮೆ ಇದ್ದಾಗ ಅದು ಕಿಡ್ನಿಗೆ ಪೆಟ್ಟು ಕೊಡತ್ತೆ.

ಪ್ರಶ್ನೆ: ಇನ್ನು ಮೂರೇ ವಾರ ಇದೆ, ನನ್ನ ಪಾದದ ಮೇಲೆ ಒಂದೇ ಜಾಗದಲ್ಲಿ ಒತ್ತಿದ್ರೆ ಜೀವ ಹೋಗತ್ತೆ, ರಾತ್ರಿ ಮಲಗಿದ್ರೂ ನೋವು. ಟೀಮಿಗೆ ಹೇಳಿಲ್ಲ. ನನ್ನ ಹೆಸರಲ್ಲಿ ದುಡ್ಡು ಕೊಟ್ಟವರಿಗೆ ಏನಂತ ಹೇಳ್ಲಿ?

ಉತ್ತರ: ಮೊದಲು ಡಾಕ್ಟರ್ ಹತ್ರ ಹೋಗಿ, ನಾಳೇನೇ. ಬೆರಳಲ್ಲಿ ತೋರಿಸೋವಷ್ಟು ಒಂದೇ ಜಾಗದ ನೋವು, ಅದೂ ಸುಮ್ನಿದ್ದಾಗ್ಲೂ ಇದ್ರೆ ಮೂಳೆ ಸಣ್ಣಗೆ ಸೀಳಿರಬಹುದು, ಇದು ಸ್ನಾಯು ನೋವಲ್ಲ ಅಂತ ಅನುಮಾನ ಪಡ್ಲೇಬೇಕು. ಅದರ ಮೇಲೆ ನಡೆದ್ರೆ ಸಣ್ಣ ಸೀಳು ಪೂರ್ತಿ ಮುರಿಯೋ ಸಾಧ್ಯತೆ ಇದೆ. ಟೀಮಿಗೆ ಇವತ್ತೇ ಫೋನ್ ಮಾಡಿ, ಬದಲಿ ಸದಸ್ಯರನ್ನ ಸೇರಿಸ್ಕೊಳ್ಳೋಕೆ ಅವಕಾಶ ಇದ್ಯಾ ಅಂತ ಆಯೋಜಕರನ್ನ ಕೇಳೋಕೆ ಅವರಿಗೂ ಟೈಮ್ ಬೇಕಲ್ವಾ. ದುಡ್ಡು ಕೊಟ್ಟವರು ಕೊಟ್ಟಿದ್ದು ನಿಮ್ಮ ಪಾದಕ್ಕಲ್ಲ, ಆ ಕೆಲಸಕ್ಕೆ, ದುಡ್ಡು ಸಂಸ್ಥೆಗೆ ಹೋಗಿ ಸೇರಿದೆ, ಅದನ್ನೇ ಎರಡು ಸಾಲಲ್ಲಿ ನೇರವಾಗಿ ಬರೆದು ತಿಳಿಸಿ. ಆ ದಿನ ನಿಮ್ಮ ಮೂವರಿಗೆ ಚೆಕ್‌ಪಾಯಿಂಟಲ್ಲಿ ಒಣ ಸಾಕ್ಸ್ ಹಿಡ್ಕೊಂಡು ಕಾಯೋರು ಬೇಕಾಗ್ತಾರೆ, ಡಾಕ್ಟರ್ ಒಪ್ಪಿದ್ರೆ ಒಂದು ಕುರ್ಚಿ ತಗೊಂಡು ಅಲ್ಲಿ ಕೂತಿರಿ.