ಬಾವಿ ನೀರು ಸಿಹಿ, ಬೋರ್ ನೀರು ಸವುಳು: ಯಾಕೆ ಹೀಗೆ?

ಸಿರಾ ಕಡೆಯ ಸ್ನೇಹಿತರು ಕೇಳಿದ್ದಾರೆ: ಹಳೆ ತೆರೆದ ಬಾವಿಯ ನೀರು ಸಿಹಿ, ಅದೇ ಹೊಲದಲ್ಲಿ 900 ಅಡಿ ಕೊರೆಸಿದ ಬೋರ್ ನೀರು ಸವುಳು. ಬೇಳೆ ಬೇಯಲ್ಲ, ಟೀ ಕಪ್ಪಾಗುತ್ತದೆ. ಕುಡಿಯಬಹುದಾ, ಆರ್‌ಓ (ನೀರಿನ ಲವಣ ತೆಗೆಯುವ ಫಿಲ್ಟರ್) ಹಾಕಿಸಬೇಕಾ? "ಬಾಯಿಗೆ ರುಚಿಯಾದರೆ ಒಳ್ಳೆ ನೀರು" ಅಂತ ಕೆಲವರು ಉತ್ತರ ಕೊಟ್ಟಿರುವುದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ಮಳೆ ನೀರಿನಲ್ಲಿ ಲವಣ ತೀರಾ ಕಡಿಮೆ. ಮಣ್ಣಿಗೆ ಇಳಿಯುವಾಗ ಅದು ಅಲ್ಲಿನ ಕಾರ್ಬನ್ ಡೈಆಕ್ಸೈಡ್ ಹೀರಿಕೊಂಡು ತುಸು ಆಮ್ಲವಾಗುತ್ತದೆ, ಕಲ್ಲನ್ನು ನಿಧಾನಕ್ಕೆ ಕರಗಿಸುತ್ತದೆ. ತೆರೆದ ಬಾವಿಗೆ ಬರುವುದು ಹೆಚ್ಚಾಗಿ ಈಚಿನ ಮಳೆಯ ನೀರು. ಆಳದ ಬಿರುಕುಗಳಲ್ಲಿರುವುದು ಎಷ್ಟೋ ಕಾಲದಿಂದ ಬಂಡೆಗೆ ತಾಗಿಕೊಂಡೇ ಇರುವ ನೀರು. ಲವಣ ಜಾಸ್ತಿ ಇರದೆ ಇನ್ನೇನು? ಮಲೆನಾಡಿನಲ್ಲಿ ಜೋರು ಮಳೆ ಈ ಲವಣಗಳನ್ನೆಲ್ಲ ತೊಳೆದುಬಿಟ್ಟಿದೆ, ಅದಕ್ಕೇ ಅಲ್ಲಿನ ನೀರು ಹಗುರ.

ಸೋಡಿಯಂ, ಕ್ಲೋರೈಡ್ ಹೆಚ್ಚಿದ್ದರೆ ಉಪ್ಪುಪ್ಪು. ಮೆಗ್ನೀಸಿಯಂ, ಸಲ್ಫೇಟ್ ಇದ್ದರೆ ಕಹಿ. ನಿಮ್ಮ ಟೀ ಕಪ್ಪಾಗುವುದಕ್ಕೆ ನನ್ನ ಮೊದಲ ಅನುಮಾನ ಕಬ್ಬಿಣದ ಮೇಲೆ, ಅದು ಟೀ ಸೊಪ್ಪಿನ ಒಗರಿನ ಜೊತೆ ಸೇರಿ ಕಪ್ಪಾಗುತ್ತದೆ. ಬಿಳಿ ಬಕೆಟ್‌ನಲ್ಲಿ ನೀರು ತುಂಬಿ ರಾತ್ರಿಯಿಡೀ ಬಿಡಿ, ತಳದಲ್ಲಿ ಕೆಂಪು ಗಸಿ ನಿಂತರೆ ಕಬ್ಬಿಣವೇ. ಬೇಳೆ ಬೇಯದಿರುವುದು ಗಡಸುತನದಿಂದ: ಕ್ಯಾಲ್ಸಿಯಂ ಬೇಳೆಯ ಕಣಗಳನ್ನು ಹಿಡಿದಿಡುವ ಪೆಕ್ಟಿನ್ ಎಂಬ ಅಂಟಿಗೆ ಸೇರಿ ಅದನ್ನು ಮೆತ್ತಗಾಗಲು ಬಿಡಲ್ಲ. ನೀರು ಕುದಿಸಿ, ಆರಿಸಿ, ಮೇಲಿನ ತಿಳಿ ಬಸಿದುಕೊಂಡರೆ ಗಡಸು ಸ್ವಲ್ಪ ಇಳಿಯುತ್ತದೆ. ಕುದಿಸಿದ ನೀರು ಸಪ್ಪೆ ಅನ್ನಿಸುವುದು ಅದರಲ್ಲಿ ಕರಗಿದ್ದ ಗಾಳಿ ಹೋಗಿರುವುದರಿಂದ. ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಎತ್ತರದಿಂದ ನಾಲ್ಕು ಸಲ ಸುರಿಯಿರಿ, ರುಚಿ ವಾಪಸ್ ಬರುತ್ತದೆ. ಆರ್‌ಓ ನೀರಿನ ಸಪ್ಪೆ ಬೇರೆ, ಅಲ್ಲಿ ಲವಣವೇ ಹೋಗಿರುತ್ತದೆ.

ಇಷ್ಟು ರುಚಿಯ ಮಾತು. ಆದರೆ ಬಂಡೆಯಿಂದ ನೀರಿಗೆ ಕರಗಿ ಬರುವ ಫ್ಲೋರೈಡ್‌ಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣವೂ ಇಲ್ಲ. ನಿಮ್ಮ ಪಕ್ಕದ ಪಾವಗಡ, ಆಚೆ ಕೋಲಾರ, ಚಿಕ್ಕಬಳ್ಳಾಪುರದಲ್ಲಿ ಜನರ ಹಲ್ಲು, ಮೂಳೆ ಹಾಳಾಗಿರುವುದು ಇದರಿಂದಲೇ. ಇನ್ನೂ ಒಂದು ವಿಷಯ ಇದೆ. ಕ್ಯಾಲ್ಸಿಯಂ ಜಾಸ್ತಿ ಇರುವ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಕರಗಿ ನಿಲ್ಲಲ್ಲ. ಹಾಗಾಗಿ ಸೋಪು ಚೆನ್ನಾಗಿ ನೊರೆ ಬರುವ, ಮೃದುವಾದ ಬೋರ್ ನೀರಿನಲ್ಲೇ ಅದು ಹೆಚ್ಚಿರುವುದುಂಟು. ನಾಲಿಗೆಯನ್ನು ನಂಬುವುದು ಹೇಗೆ ಹೇಳಿ? ಕುದಿಸಿದರೂ ಫ್ಲೋರೈಡ್ ಹೋಗಲ್ಲ. ನೀರು ಆವಿಯಾದಷ್ಟೂ ಅದು ಗಟ್ಟಿಯಾಗುತ್ತದೆ.

ಹಾಗಂತ ಸಿಹಿ ಬಾವಿಯೂ ಸುರಕ್ಷಿತ ಅಂತಲ್ಲ. ಹತ್ತಿರದಲ್ಲಿ ತಿಪ್ಪೆಗುಂಡಿ, ಶೌಚದ ಗುಂಡಿ ಅಥವಾ ಯೂರಿಯಾ ಹಾಕುವ ಹೊಲ ಇದ್ದರೆ ನೈಟ್ರೇಟ್ ಇಳಿದಿರಬಹುದು. ಶೌಚದ ಗುಂಡಿಯಿಂದ ರೋಗಾಣುಗಳೂ ಬರುತ್ತವೆ. ಇವೂ ನಾಲಿಗೆಗೆ ತಿಳಿಯಲ್ಲ.

ಆರ್‌ಓ ಮಾರುವವರು ತರುವ ಟಿಡಿಎಸ್ ಮೀಟರ್ ನೋಡಿ ನಿರ್ಧಾರ ಮಾಡಬೇಡಿ. ಅದು ಒಟ್ಟು ಲವಣವನ್ನಷ್ಟೇ ಅಂದಾಜು ಮಾಡುತ್ತದೆ, ಯಾವುದು ಎಷ್ಟು ಅಂತ ಹೇಳಲ್ಲ. ನಮ್ಮ ದೇಶದ ಮಾನದಂಡದಲ್ಲಿ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 2000ದವರೆಗೆ ಒಪ್ಪುತ್ತಾರೆ. ಫ್ಲೋರೈಡ್ 1, ಹೆಚ್ಚೆಂದರೆ 1.5. ನೈಟ್ರೇಟ್ 45, ಅದಕ್ಕೆ ರಿಯಾಯಿತಿ ಇಲ್ಲ. ಫ್ಲೋರೈಡ್ 1.5 ದಾಟಿದರೆ, ಆ ನೀರನ್ನು ಕುಡಿಯಲು, ಅಡುಗೆಗೆ ಬಳಸಬೇಕೆಂದರೆ ಆರ್‌ಓ ಅಥವಾ ಫ್ಲೋರೈಡ್ ತೆಗೆಯುವ ಬೇರೆ ಫಿಲ್ಟರ್ ಬೇಕೇ ಬೇಕು. ಬರೀ ಗಡಸಾಗಿದ್ದರೆ ನಾನಂತೂ ಹಾಕಿಸಲ್ಲ, ಸುಮ್ನೆ ನೀರು ಪೋಲು.

ನನ್ನ ಒಲವು ಮಳೆ ನೀರಿನ ಕಡೆಗೆ. ವರ್ಷಕ್ಕೆ 500 ಮಿ.ಮೀ. ಮಳೆಯಾದರೂ 1000 ಚದರ ಅಡಿ ಮಾಳಿಗೆ ಮೇಲೆ ಸುಮಾರು 46 ಸಾವಿರ ಲೀಟರ್ ಬೀಳುತ್ತದೆ. ಐದು ಜನರಿಗೆ ಕುಡಿಯಲು, ಅಡುಗೆಗೆ ದಿನಕ್ಕೆ 25 ಲೀಟರ್ ಹಿಡಿದರೂ ವರ್ಷಕ್ಕೆ 10 ಸಾವಿರ ಲೀಟರ್ ದಾಟಲ್ಲ. ಮೊದಲ ಮಳೆ ಹೊರಗೆ ಬಿಡಿ, ಸೋಸಿ, ಬೆಳಕು ಬೀಳದ ಮುಚ್ಚಿದ ತೊಟ್ಟಿಯಲ್ಲಿ ತುಂಬಿ, ಕುದಿಸಿ ಕುಡಿಯಿರಿ.

ಈಗ ಮೊದಲು ಬಾವಿ, ಬೋರ್ ಎರಡರದ್ದೂ ನೀರು ಜಿಲ್ಲಾ ನೀರು ಪರೀಕ್ಷಾ ಪ್ರಯೋಗಾಲಯಕ್ಕೆ ಕೊಡಿ. ಮೋಟಾರ್ ಐದು ನಿಮಿಷ ಓಡಿಸಿ, ಆಮೇಲೆ ಶುದ್ಧ ಬಾಟಲಿಯನ್ನು ಅದೇ ನೀರಿನಲ್ಲಿ ತೊಳೆದು ತುಂಬಿ. ರೋಗಾಣು ಪರೀಕ್ಷೆಗೆ ಬೇರೆ ಬಾಟಲಿ ಅವರೇ ಕೊಡುತ್ತಾರಾ ಕೇಳಿ, ಅದನ್ನು ತೊಳೆಯಬೇಡಿ. ವರದಿ ಬಂದ ಮೇಲೆ ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಗಡಸುತನ, ಈ ನಾಲ್ಕು ಅಂಕಿ ಇಲ್ಲಿ ಹಾಕಿ, ಯಾವ ಫಿಲ್ಟರ್ ಅಂತ ಆಗ ನೋಡೋಣ.