ಲೇಖನ ವಾಪಸ್ ಕಳಿಸಾಕತ್ತೀನಿ, ಅಜ್ಜನ ಪೇಟಿ ಮಾತ್ರ ಇಟ್ಕೊಂಡೀನಿ

ನಮಸ್ಕಾರ ತಂಗಿ,

ಲೇಖನ ಸಿಕ್ತು, ಎರಡು ಸಲ ಓದಿದೆ. ಸೈನ್ಸ್ ಫಿಕ್ಷನ್ ಸಿನಿಮಾದಾಗ ಆರ್ಕೆಸ್ಟ್ರಾ ಸಂಗೀತ ಏನು ಕೆಲಸ ಮಾಡ್ತದ ಅಂತ ಲೋಕಾಪುರದಾಗ ಕುಂತು ಒಬ್ಬಾಕಿ ವಿಚಾರ ಮಾಡಾಕತ್ತಾಳ ಅನ್ನೂದ ನನಗ ದೊಡ್ಡ ಖುಷಿ, ನಮ್ಮ ಕಡೆ ಇಂಥಾ ವಿಷಯ ಹಿಡಿದು ಬರಿಯೋರು ಭಾಳ ಕಡಿಮಿ. ಆದ್ರ ಈಗ ಇದ್ದಂಗ ಇದನ್ನ ಪತ್ರಿಕೆದಾಗ ಹಾಕಾಕ ಆಗೂದಿಲ್ಲ. ಯಾಕ ಅಂತ ನೇರ ಹೇಳ್ತೀನಿ, ಬರೇ ‘ಪ್ರಕಟಿಸಲು ಸಾಧ್ಯವಾಗುತ್ತಿಲ್ಲ’ ಅಂತ ಒಂದು ಸಾಲು ಕಳಿಸಿದ್ರ ನಿಮಗ ಏನೂ ಉಪಯೋಗ ಇಲ್ಲ.

ಆರು ಪುಟದಾಗ ‘ರೋಮಾಂಚನ’ ಹನ್ನೊಂದು ಸಲ ಬಂದದ, ‘ಅದ್ಭುತ’ ಅಂತೂ ಎಣಸೂದ ಬಿಟ್ಟೆ. “ಹಿನ್ನೆಲೆ ಸಂಗೀತ ನಮ್ಮನ್ನು ಬೇರೆಯೇ ಲೋಕಕ್ಕೆ ಕರೆದೊಯ್ಯುತ್ತದೆ” ಅಂತ ಬರದೀರಿ. ಒಯ್ತದ, ಒಪ್ಪಿದೆ, ಆದ್ರ ಒಯ್ದದ್ದು ಯಾವ ವಾದ್ಯ, ಅದು ಯಾವಾಗ ಸುರು ಆತು? ಪ್ರಶಸ್ತಿ ಲೆಕ್ಕ ಅದ, ಕಲೆಕ್ಷನ್ ಅದ, ಕಂಪೋಸರ್ ಹುಟ್ಟಿದ ಊರು ಸುದ್ಧಾ ಅದ. ನಿಮ್ಮ ಕಿವಿಗೆ ಏನು ಬಿತ್ತು ಅನ್ನೂದೊಂದ ಇಲ್ಲ.

ಸ್ಟಾರ್ ವಾರ್ಸ್ ಬಗ್ಗೆನ ಒಂದೂವರೆ ಪುಟ ಅದ, ಅದರಾಗ ಎರಡು ಸೂರ್ಯ ಮುಳುಗೂ ಸೀನ್ ಇಲ್ಲ! ಊಟದ ಹೊತ್ತಿನಾಗ ಕಾಕಾನ ಕೂಡ ವಾದ ಮಾಡಿ ಕಥಾನಾಯಕ ಲ್ಯೂಕ್ ಹೊರಗ ಬಂದು ನಿಂದರ್ತಾನ, ಮಾತಿಲ್ಲ ಕಥಿಲ್ಲ, ಒಂದ ಒಂದು ಫ್ರೆಂಚ್ ಹಾರ್ನ್ ಮೆಲ್ಲಕ ಸುರು ಆಗ್ತದ, ಆಮ್ಯಾಲ ತಂತಿವಾದ್ಯ ಎಲ್ಲಾ ಎದ್ದು ಬಂದು ಅದ ಧಾಟಿ ಎತ್ಕೊಂತಾವ, ಆ ಹುಡುಗಗ ಊರು ಬಿಟ್ಟು ಹೋಗೂ ಹಂಬಲ ಎಷ್ಟದ ಅನ್ನೂದು ನಮ್ಮ ಎದಿಗೆ ಬಂದು ಬಡೀತದ. ಮೊಬೈಲ್‌ದಾಗ ಸೌಂಡ್ ಬಂದ್ ಮಾಡಿ ಆ ಸೀನ್ ಒಮ್ಮೆ ನೋಡ್ರಿ. ಒಬ್ಬ ಹುಡುಗ ಉಸುಕಿನಾಗ ನಿಂತಾನ, ಅಷ್ಟ. ಸೌಂಡ್ ಹಚ್ಚಿ ಮತ್ತೊಮ್ಮೆ ನೋಡ್ರಿ. ನೋಡಿದ ಎರಡಕ್ಕೂ ನಡುವ ಏನು ಫರಕ್ ಬಿತ್ತಲ್ಲ, ಅದನ್ನ ಬರೀರಿ ಅನ್ನೂದ ನನ್ನ ಮಾತು.

ಈಗ ತಪ್ಪುಗಳ ಸುದ್ದಿ. 1951ರ ‘ದಿ ಡೇ ದಿ ಅರ್ಥ್ ಸ್ಟುಡ್ ಸ್ಟಿಲ್’ದಾಗಿನ ಥೆರೆಮಿನ್ ಕಂಪ್ಯೂಟರ್ ಸೌಂಡ್ ಅಂತ ಬರದೀರಿ, ಅಲ್ಲ. ಅದು ಕೈ ಮುಟ್ಟಿಸದ ನುಡಿಸೂ ವಿದ್ಯುತ್ ವಾದ್ಯ, ಕೈ ಹತ್ರ ಒಯ್ದಂಗ ದೂರ ಸರಿಸಿದಂಗ ಸ್ವರ ಬದಲಾಗ್ತದ, ಆ ಸಿನಿಮಾಕ್ಕ ಸಂಗೀತ ಮಾಡಿದ ಬರ್ನಾರ್ಡ್ ಹರ್ಮನ್ ಅಂಥಾವು ಎರಡು ಇಟ್ಕೊಂಡಿದ್ರು. 1956ರ ‘ಫರ್ಬಿಡನ್ ಪ್ಲಾನೆಟ್’ಗೆ ಬೀಬಿ ಮತ್ತ ಲೂಯಿ ಬ್ಯಾರನ್ ಗಂಡ-ಹೆಂಡ್ತಿ ಪೂರ್ತಿ ಎಲೆಕ್ಟ್ರಾನಿಕ್ ಸದ್ದನ್ನ ಮಾಡಿ ಕೊಟ್ರು. ಬ್ಯಾರೆ ಗ್ರಹ ಅಂದ್ರ ವಿಚಿತ್ರ ಸದ್ದು ಅನ್ನೂ ರೂಢಿ ಹಿಂಗ ಬೆಳೀತು. 1977ರಾಗ ಸ್ಟಾರ್ ವಾರ್ಸ್‌ಗೆ ಸಂಗೀತ ಮಾಡುಮುಂದ ಜಾನ್ ವಿಲಿಯಮ್ಸ್ ಲಂಡನ್ ಸಿಂಫನಿ ಆರ್ಕೆಸ್ಟ್ರಾ ಕರ್ಕೊಂಡು ಇದರ ಉಲ್ಟಾ ಹೋದ್ರು. ಕಣ್ಣಿಗೆ ಕಾಣೂದೆಲ್ಲಾ ಹೊಸಾದು ಅದ, ಕಿವಿಗರೆ ಪರಿಚಯದ್ದು ಇರ್ಲಿ ಅಂತ ಹಳೇ ಯುರೋಪಿನ ಆರ್ಕೆಸ್ಟ್ರಾ ಧಾಟಿ ಹಿಡದ್ರು. ನಿಮ್ಮ ಲೇಖನದಾಗ ಇವೆಲ್ಲಾ ಹೆಸರು ಅದಾವ, ಆದ್ರ ಒಂದರ ಪಕ್ಕ ಒಂದು ಸುಮ್ಮನ ಕುಂತಾವ.

ಇನ್ನೊಂದು, ಸ್ಟಾರ್ ವಾರ್ಸ್‌ನ ಖಳ ಡಾರ್ಥ್ ವೇಡರ್‌ನ ಮಾರ್ಚ್ ಸಂಗೀತ ಮೊದಲನೇ ಸಿನಿಮಾದಾಗ ಇಲ್ಲವ ಇಲ್ಲ, ಬಂದದ್ದು 1980ರ ಎರಡನೇದರಾಗ. ನೀವು ಅದರ ಅಬ್ಬರ ಅಷ್ಟ ಬರದೀರಿ. 1983ರ ಸಿನಿಮಾದಾಗ ಅಂವ ಸಾಯೂ ಹೊತ್ತಿನಾಗ ಅದ ಧಾಟಿ ಹಾರ್ಪ್ ಮ್ಯಾಲ ಒಂದೊಂದ ಸ್ವರ ಆಗಿ ಉದುರ್ತದ, ಕೇಳೀರೇನು? ಎರಡು ಸಿನಿಮಾ ತನ ಹಿತ್ತಾಳಿ ವಾದ್ಯದಾಗ ನಮ್ಮನ್ನ ಹೆದರಿಸಿದ ಧಾಟಿ ಅದು. ಮಗ ಲ್ಯೂಕ್ ಅಪ್ಪನ ಮುಂದ ಕುಂತಾನ, ಅಪ್ಪ ಹೊಂಟಾನ. ನನಗ ಇವತ್ತಿಗೂ ಆ ಜಾಗಾಕ್ಕ ಬಂದ್ರ ಗಂಟಲು ಕಟ್ತದ.

‘2001: ಎ ಸ್ಪೇಸ್ ಒಡಿಸ್ಸಿ’ ಸಂಗೀತವನ್ನ ನಿರ್ದೇಶಕ ಕುಬ್ರಿಕ್ ಸಿನಿಮಾಕ್ಕಂತನ ಬರಸಿದ್ರು ಅಂದೀರಿ. ಬರಸಿದ್ದು ಖರೆ, ಅಲೆಕ್ಸ್ ನಾರ್ತ್ ಅನ್ನೂವರು ಬರದು ರೆಕಾರ್ಡ್ ಸುದ್ಧಾ ಮಾಡಿದ್ರು, ಅದನ್ನ ತಗದು ಹಾಕಿ ಕುಬ್ರಿಕ್ ಮೊದಲ ಇದ್ದ ಬ್ಯಾರೆಯವರ ರೆಕಾರ್ಡ್‌ಗಳನ್ನ ಉಳಿಸ್ಕೊಂಡ್ರು, ತನ್ನ ಸಂಗೀತ ಬಿಟ್ಟಾರ ಅನ್ನೂದು ನಾರ್ತ್‌ಗ ಗೊತ್ತಾಗಿದ್ದ 1968ರಾಗ ಸಿನಿಮಾ ನೋಡುಮುಂದ. ಪಾಪ. ಆದ್ರ ಬಾಹ್ಯಾಕಾಶ ನಿಲ್ದಾಣ ತಿರಗೂ ಮುಂದ ಬರೂ ‘ಬ್ಲೂ ಡ್ಯಾನ್ಯೂಬ್’ ಕೇಳ್ರಿ, 1867ರ ಕುಣಿತದ ಸಂಗೀತ, ಮೂರು ಮಾತ್ರೆ, ಕುಣಿಯೋರು ಗರಗರ ತಿರಗೂ ಲಯ. ಆ ಲಯದಾಗ ಕಬ್ಬಿಣದ ಗಾಲಿಯಂಥಾ ನಿಲ್ದಾಣ ತಿರಗ್ತದ, ಯಂತ್ರ ಅನ್ನೂದ ಮರತು ಹೋಗ್ತದ. ಅದ ಸಿನಿಮಾದಾಗ ಗೂಢ ಕರಿ ಕಲ್ಲು ಕಂಡಾಗ ಬರೂ, ಲಿಗೆಟಿ ಅನ್ನೂ ಕಂಪೋಸರ್ ಬರದ ಸಂಗೀತದಾಗ ಇದ್ಯಾವ್ದೂ ಇಲ್ಲ, ತಾಳ ಹಿಡಿಯಾಕ ಜಾಗಾನ ಇಲ್ಲ, ಮಂದಿ ದನಿ ಒಂದರ ಮ್ಯಾಲೊಂದು ಒತ್ಕೊಂಡು ನಿಂತಾವ. ಕಾಲು ಊರಾಕ ನೆಲ ಸಿಗೂದಿಲ್ಲ, ಅದಕ್ಕ ಅಂಜಿಕಿ.

ಇಂಟರ್‌ಸ್ಟೆಲ್ಲರ್ ಭಾಗ ಉಳದದ್ದಕ್ಕಿಂತ ಚಲೋ ಅದ, ಆದ್ರ ಆರ್ಗನ್ ಯಾಕ ಅನ್ನೂದನ್ನ ಹಾರಿಸಿ ಹೋಗೀರಿ. ಸಂಗೀತ ಮಾಡಿದ ಹ್ಯಾನ್ಸ್ ಜಿಮ್ಮರ್ ಅದನ್ನ ಲಂಡನ್ನಿನ ಟೆಂಪಲ್ ಚರ್ಚಿನಾಗ ರೆಕಾರ್ಡ್ ಮಾಡಿದ್ದು. ಪೈಪ್ ಆರ್ಗನ್ ಗಾಳಿ ಮ್ಯಾಲ ನುಡೀತದ, ಪೈಪಿನಾಗ ಗಾಳಿ ಹೊಕ್ಕರನ ಸ್ವರ, ಮನಶಾ ಉಸಿರಾಡಿದಂಗ. ಮತ್ತ ಕಲ್ಲಿನ ಕಟ್ಟಡ ಆ ಸ್ವರವನ್ನ ಲಗೂನ ಬಿಟ್ಟುಕೊಡೂದಿಲ್ಲ. ಇದನ್ನ ತಿಳಕೊಳ್ಳಾಕ ನಮಗ ಲಂಡನ್ ಯಾಕ ಬೇಕ್ರಿ, ಇಲ್ಲೇ ವಿಜಯಪುರದಾಗ ಗೋಳಗುಮ್ಮಟ ಅದ, ಸುಮಾರು 44 ಮೀಟರ್ ಅಗಲದ ಗುಮ್ಮಟ. ನಸುಕಿನಾಗ, ಪ್ರವಾಸದ ಹುಡುಗರು ಬಂದು ಚೀರಾಡೂಕಿಂತ ಮೊದಲ ಹತ್ತಿ ಹೋಗ್ರಿ, ಗೋಡಿಗೆ ಬಾಯಿ ಹಚ್ಚಿ ಪಿಸುಗುಟ್ಟಿದ್ರ ಆ ಕಡೆ ನಿಂತಾವ್ರ ಕಿವಿಗೆ ಬೀಳ್ತದ, ಒಂದು ಚಪ್ಪಾಳಿ ಹೊಡದ್ರ ಮತ್ತ ಮತ್ತ ತಿರುಗಿ ಬರ್ತದ. ಹೊಡದಾಂವ ಸಣ್ಣಾವ ಆಗಿಬಿಡ್ತಾನ, ಜಾಗಾ ದೊಡ್ಡದಾಗ್ತದ. 2014ರಾಗ ಬೆಳಗಾವಿ ಥಿಯೇಟರಿನಾಗ ಆ ಆರ್ಗನ್ ಕೇಳಿದಾಗ ನನಗ ಆದದ್ದು ಇದ. ಆ ಸಿನಿಮಾದಾಗ ಬಾಹ್ಯಾಕಾಶದ ಹಡಗು ಒಡದಾಗ ಹೊರಗಿನ ಶಾಟ್‌ದಾಗ ಏನೂ ಸದ್ದಿಲ್ಲ, ಪೂರ್ತಿ ಮೌನ, ಗಾಳಿನ ಇಲ್ಲದ ಜಾಗಾ ಅದು, ಆಮ್ಯಾಲ ಗಾಳಿಯಿಂದ ನುಡಿಯೂ ವಾದ್ಯ ಸುರು ಆಗ್ತದ. ‘ಬಾಹ್ಯಾಕಾಶದಲ್ಲಿ ಶಬ್ದವಿಲ್ಲ, ಆದ್ದರಿಂದ ಸಂಗೀತ ತಪ್ಪು’ ಅಂತ ಯಾರೋ ಹೇಳ್ತಾರಂತ ನೀವು ಬರದೀರಲ್ಲ, ಅದಕ್ಕ ಉತ್ತರ ಈ ಸೀನ್‌ದಾಗನ ಅದ. ಸಂಗೀತ ಹಡಗಿನ ಸದ್ದಲ್ಲ, ಒಳಗ ಕುಂತಾವ್ರ ಎದಿ ಸದ್ದು.

ಇಷ್ಟೆಲ್ಲಾ ಆದ ಮ್ಯಾಲ ಐದನೇ ಪುಟದಾಗ, ಕೆಳಗ, ನಾಕ ಸಾಲು ಅದಾವ. ನಿಮ್ಮ ಅಜ್ಜ ಶ್ರೀಕೃಷ್ಣ ಪಾರಿಜಾತದ ಆಟದಾಗ ಪೇಟಿ, ಅಂದ್ರ ಹಾರ್ಮೋನಿಯಂ, ಬಾರಿಸ್ತಿದ್ರು, ಸತ್ಯಭಾಮಾ ಬರೂಕಿಂತ ಮೊದಲ ಅವರು ಪೇಟಿ ಎತ್ತಿದ್ರ ತೂಕಡಸೂ ಮಂದಿ ಎದ್ದು ಕೂಡ್ತಿದ್ರು, “ಪಾತ್ರ ಇನ್ನ ಪರದೆ ಹಿಂದನ ಇರ್ತಿತ್ತು, ಮಂದಿಗೆ ಆಗಲೇ ಕಂಡಿರ್ತಿತ್ತು” ಅಂತ ಅಜ್ಜ ಹೇಳ್ತಿದ್ರು ಅಂತ ಬರದೀರಿ. ತಂಗಿ, ಇದನ್ನ ಯಾಕ ಅಲ್ಲಿ ಮೂಲ್ಯಾಗ ಒತ್ತಿ ಇಟ್ರಿ! ವೇಡರ್ ಬರೂಕಿಂತ ಮೊದಲ ಆ ಮಾರ್ಚ್ ಬರೂದು ಇದ ಕೆಲಸ ಅಲ್ಲೇನು? ಪಾತ್ರ ಮಾತು ಮರತ್ರ ಪೇಟಿಯವ್ರು ಅದ ಸ್ವರ ಜಗ್ಗಿ ಹಿಡಕೊಂಡು ಕೂಡ್ತಿದ್ರು ಅಂತನೂ ಬರದೀರಿ, ಅಂದ್ರ ಆಟದ ಹಿಂದ ಸಂಗೀತ. ‘ಇ.ಟಿ.’ ಸಿನಿಮಾದ ಕೊನಿ ಭಾಗದಾಗ ಉಲ್ಟಾ ಆತು, ವಿಲಿಯಮ್ಸ್‌ಗ ಚಿತ್ರಕ್ಕ ಸರಿಯಾಗಿ ಹೊಂದಿಸಾಕ ಆಗವಲ್ದು, ನಿರ್ದೇಶಕ ಸ್ಪೀಲ್‌ಬರ್ಗ್ ಪರದೆ ಮ್ಯಾಲಿನ ಚಿತ್ರ ಬಂದ್ ಮಾಡಿಸಿ ಕಛೇರಿದಾಗ ನುಡಿಸಿದಂಗ ನುಡಿಸ್ರಿ ಅಂದ್ರು, ಆಮ್ಯಾಲ ಸಿನಿಮಾನ ಸಂಗೀತಕ್ಕ ತಕ್ಕಂಗ ಕತ್ತರಿಸಿದ್ರು. ಈ ಎರಡನ್ನೂ ಪಕ್ಕ ಪಕ್ಕ ಇಡೂ ಹಕ್ಕು ನಿಮಗಿದ್ದಷ್ಟು ಇನ್ನೊಬ್ಬರಿಗಿಲ್ಲ.

ಅದಕ್ಕ ಅಜ್ಜನ ಕಡಿಂದ ಸುರು ಮಾಡ್ರಿ. ಆರು ಪುಟ ಬ್ಯಾಡ, ಮೂರು ಸಾಕು. ಸಿನಿಮಾ ಎರಡ ಇರ್ಲಿ, ಕಿವಿಯಿಂದ ಬರೀರಿ. ಪ್ರಶಸ್ತಿ, ಕಲೆಕ್ಷನ್ ಎಲ್ಲಾ ತಗೀರಿ.

ಅಜ್ಜ ಈಗೂ ಸಂಜಿಮುಂದ ಪೇಟಿ ಹಿಡ್ಕೊಂಡು ಕೂಡ್ತಾರ ಅಂತ ಬರದೀರಿ. ಅವರ ಪಕ್ಕ ಕುಂತು ಆ ಎರಡು ಸೂರ್ಯನ ಸೀನ್ ಮೊಬೈಲ್‌ದಾಗ ಹಚ್ಚಿ ಕೊಡ್ರಿ, ಕಥಿ ಹೇಳಬ್ಯಾಡ್ರಿ. ಆ ಹಾರ್ನ್ ಧಾಟಿಯನ್ನ ಪೇಟಿ ಮ್ಯಾಲ ಹುಡುಕಿ ನುಡಸ್ರಿ ಅಂತ ಕೇಳ್ರಿ, ಅವರು ಶ್ರುತಿ ಕಪ್ಪು ಎರಡರಾಗ ಹಿಡದ್ರೋ ಬಿಳಿ ನಾಕರಾಗ ಹಿಡದ್ರೋ, ನುಡಿಸಿ ಏನಂದ್ರು, ಅಂದಿದ್ದನ್ನ ಅವರ ಮಾತಿನಾಗನ ಬರದು ಕಳಸ್ರಿ. 20ನೇ ತಾರೀಖಿನ ತನ ಮೂರು ಪುಟದ ಜಾಗಾ ನಿಮಗಂತ ಇಟ್ಟಿರ್ತೀನಿ.