ಬೇರೆಯವರ ರಕ್ತದ ಆಂಟಿಬಾಡಿಯಿಂದ ಮಲೇರಿಯಾ ತಡೆಯಬಹುದಾ?

ಬೆಂಗಳೂರಿನಿಂದ ಕೆಲಸಕ್ಕೆಂದು ಮಾಲಿ ದೇಶಕ್ಕೆ ಹೊರಟಿರುವ ನಿಮ್ಮ ತಮ್ಮನಿಗೆ ಮಲೇರಿಯಾ ಬಾರದಂತೆ ಆಂಟಿಬಾಡಿ (ರೋಗಾಣುವಿಗೆ ಅಂಟಿ ಅದನ್ನು ತಡೆಯುವ ರಕ್ತದ ಪ್ರೋಟೀನ್) ಇಂಜೆಕ್ಷನ್ ಕೊಡಿಸಬಹುದಾ ಎಂದು ಕೇಳಿದ್ದೀರಿ. ಅದು ಇನ್ನೂ ಪ್ರಯೋಗದ ಹಂತದಲ್ಲಿದೆ. ಆದರೆ ಸುಮ್ನೆ ಹಬ್ಬಿಸಿದ ಸುದ್ದಿಯಲ್ಲ.

ಯೋಚನೆ ಹಳೆಯದೇ. 1961ರಷ್ಟು ಹಿಂದೆಯೇ ಗ್ಯಾಂಬಿಯಾದಲ್ಲಿ ದೊಡ್ಡವರ ರಕ್ತದಿಂದ ತೆಗೆದ ಆಂಟಿಬಾಡಿಗಳನ್ನು ಮಲೇರಿಯಾ ಬಂದ ಮಕ್ಕಳಿಗೆ ಕೊಟ್ಟಿದ್ದರು. ಮಕ್ಕಳ ರಕ್ತದಲ್ಲಿದ್ದ ರೋಗಾಣುಗಳು ಚೆನ್ನಾಗಿಯೇ ಇಳಿದವು.

ಈಗಿನ ಆಂಟಿಬಾಡಿಗಳು ಇನ್ನೂ ಮೊದಲೇ ಅಡ್ಡ ಹಾಕುತ್ತವೆ. ಸೊಳ್ಳೆ ಕಚ್ಚಿದಾಗ ಒಳಗೆ ಹೋಗುವುದು ಕೆಲವೇ ಸ್ಪೋರೊಜಾಯಿಟ್‌ಗಳು, ಅಂದರೆ ಸೊಳ್ಳೆಯಿಂದ ಬರುವ ಹಂತದ ಮಲೇರಿಯಾ ರೋಗಾಣುಗಳು. ಅವು ಲಿವರ್ ಸೇರಿದರೆ ಒಂದೊಂದೂ ಸಾವಿರಗಟ್ಟಲೆ ಆಗುತ್ತದೆ. ಅಷ್ಟರೊಳಗೆ ಹಿಡಿಯಬೇಕು, ಅಲ್ವಾ? ಅವುಗಳ ಮೈಮೇಲೆ ಸಿಎಸ್‌ಪಿ ಎಂಬ ಪ್ರೋಟೀನ್ ಇರುತ್ತದೆ. ಅದಕ್ಕೆ ಗಟ್ಟಿಯಾಗಿ ಅಂಟುವ ಆಂಟಿಬಾಡಿ, ಪ್ರಾಯೋಗಿಕ ಲಸಿಕೆ ಪಡೆದ ಸ್ವಯಂಸೇವಕರೊಬ್ಬರ ರಕ್ತದಲ್ಲಿ ಸಿಕ್ಕಿತು. ರಕ್ತದಲ್ಲಿ ಜಾಸ್ತಿ ದಿನ ಉಳಿಯಲಿ ಎಂದು ಲ್ಯಾಬ್‌ನಲ್ಲಿ ಅದನ್ನು ಸ್ವಲ್ಪ ಬದಲಿಸಿದರು. ಮಾಲಿಯಲ್ಲೇ ದೊಡ್ಡವರಿಗೆ ಡ್ರಿಪ್ ಮೂಲಕ ಒಂದೇ ಸಲ ದೊಡ್ಡ ಡೋಸ್ ಕೊಟ್ಟು ಆರು ತಿಂಗಳು ನೋಡಿದರು. ಸೋಂಕು ತಡೆಯುವಲ್ಲಿ ಸುಮಾರು 88% ಫಲ ಸಿಕ್ಕಿತು. ಇದು 2022ರ ವರದಿ. ಆಮೇಲೆ ಚರ್ಮದಡಿ ಚುಚ್ಚುವ ಎಲ್9ಎಲ್‌ಎಸ್ ಎಂಬ ಇನ್ನೊಂದು ಆಂಟಿಬಾಡಿ ಬಂತು. ಮಕ್ಕಳಲ್ಲಿ ಅದರ ಫಲ ಸುಮಾರು 70%.

ದೊಡ್ಡ ತೊಡಕು ದುಡ್ಡು ಎಂದು ನನಗನಿಸುತ್ತದೆ. ಇನ್ನೊಂದು, ಇವು ಫಾಲ್ಸಿಪಾರಂ ಎಂಬ ಜಾತಿಯ ಮಲೇರಿಯಾ ರೋಗಾಣುವಿಗೆ ಮಾತ್ರ. ಭಾರತದಲ್ಲಿ ಅದರ ಜೊತೆಗೇ ಕಾಡುವ ವೈವಾಕ್ಸ್ ಎಂಬ ಇನ್ನೊಂದು ಜಾತಿ ಇವಕ್ಕೆ ಬಗ್ಗದು. ಬೆಂಗಳೂರಲ್ಲಿ ಸಂಪು, ಟ್ಯಾಂಕಿನ ಮುಚ್ಚಳ ಸರಿಯಾಗಿರಲಿ. ತಮ್ಮ ಮಾತ್ರ ಹೊರಡುವ ಮೊದಲೇ ಡಾಕ್ಟರನ್ನು ಕಂಡು ಮಲೇರಿಯಾ ತಡೆಯುವ ಮಾತ್ರೆ ಬರೆಸಿಕೊಳ್ಳಲಿ, ಸೊಳ್ಳೆ ಪರದೆ ಒಯ್ಯಲಿ.